ಸಾಹುಕಾರನಿಗೆ ಇಟ್ಟ ನೀರು

ನಾಗಮಂಗಲ
ಭಾನುವಾರ, 23 ಜೂನ್ 2024

ಅಜ್ಜಿ,

ಕಾಗದ ಬರೆಯುವಾಗ ಮೊದಲು ಹಿರಿಯರ ಕಾಲಿಗೆ ಬೀಳಬೇಕು ಅಂತ ಹೇಳಿ ಕಳಿಸಿದ್ದೀರಿ. ಇಲ್ಲಿ ಒಂದು ಕೋಣೆಗೆ ಹನ್ನೆರಡು ಮಂಚ, ಬೀಳೋಕೆ ಜಾಗವೇ ಇಲ್ಲ. ಕೂತಲ್ಲೇ ಕೈ ಮುಗಿದಿದ್ದೀನಿ.

ಮೊದಲನೇ ವಾರ ದಿನಾ ಅಳು ಬರ್ತಿತ್ತು. ಈಗ ಇಲ್ಲ. ಪಕ್ಕದ ಮಂಚದ ದಿವ್ಯ ನನಗಿಂತ ಜೋರಾಗಿ ಅಳ್ತಾಳೆ, ಅವಳನ್ನು ಸುಮ್ಮನಿರಿಸೋದರಲ್ಲಿ ನನ್ನ ಅಳು ಮರೆತೇ ಹೋಯಿತು. ಹಾಸ್ಟೆಲಿನಲ್ಲಿ ಫೋನು ಇಟ್ಟುಕೊಳ್ಳೋ ಹಾಗಿಲ್ಲ. ತಿಂಗಳ ಮೊದಲನೇ ಭಾನುವಾರ ಮನೆಯವರು ಬಂದು ನೋಡಬಹುದು. ಮಿಕ್ಕ ದಿನ ಕಾಗದ ಮಾತ್ರ.

ನನಗೆ ಚಿಂತೆ ಇರೋದು ಸಾಹುಕಾರನದ್ದು. ಎಂಟನೇ ತರಗತಿಗೆ ಇಲ್ಲಿ ಸೀಟು ಸಿಕ್ಕಿತು ಅಂತ ಅಪ್ಪ ಶ್ರೀರಂಗಪಟ್ಟಣದಿಂದ ಅಕ್ವೇರಿಯಂ ತಂದುಕೊಟ್ಟರು. ಅದರ ಜೊತೆ ನಾನು ಇದ್ದದ್ದು ಒಂದೇ ತಿಂಗಳು. ಅಮ್ಮ ತಮ್ಮನನ್ನು ಹೆತ್ತು ಸಿಂಧಘಟ್ಟದ ತವರುಮನೆಯಲ್ಲಿದ್ದಾರೆ. ಅಪ್ಪನೂ ಕೆ.ಆರ್. ಪೇಟೆಯಲ್ಲಿ ಕೆಲಸ ಮುಗಿಸಿ ಅಲ್ಲಿಗೇ ಹೋಗ್ತಾರೆ. ಹಾಗಾಗಿ ಮನೆಯಲ್ಲಿ ಈಗ ನೀವು, ಕೆಲಸಕ್ಕೆ ಬರೋ ಬೈರವ್ವ, ನಾಲ್ಕು ಗಪ್ಪಿ ಮೀನು, ಸಾಹುಕಾರ. ಮೀನುಗಳು ಹೇಗೋ ಬದುಕ್ತವೆ. ಸಾಹುಕಾರ ಬಸವನಹುಳು. ಅವನಿಗೆ ಕೂಗೋಕೂ ಬರಲ್ಲ, ಓಡೋಕೂ ಬರಲ್ಲ.

ವಾರಕ್ಕೊಂದು ಸಲ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಬೇಕು. ನಲ್ಲಿ ನೀರನ್ನು ಹಾಗೇ ಹಾಕಬೇಡಿ, ಬ್ಲೀಚಿಂಗ್ ಪೌಡರ್ ಇರ್ತದೆ. ಹಿಡಿದು ಒಂದು ದಿನ ಇಟ್ಟು ಆಮೇಲೆ ಹಾಕಿ. ಎರಡು ದಿನಕ್ಕೊಮ್ಮೆ ಒಂದು ಬಿಲ್ಲೆ ಸೌತೆಕಾಯಿ ಬೇಯಿಸಿ ಹಾಕಿ. ಉಪ್ಪು ಬೇಡ. ಅವನು ಗಾಜು ಹತ್ತುವಾಗ ಈ ಕಡೆಯಿಂದ ನೋಡಿ, ಬಾಯಿ ಆಡಿಸೋದು ಕಾಣ್ತದೆ, ನೀವು ಎಲೆಅಡಿಕೆ ಹಾಕಿಕೊಂಡ ಹಾಗೇ.

ಬೈರವ್ವನಿಗೂ ಇದನ್ನೆಲ್ಲ ಓದಿ ಹೇಳಿ.

ನಿಮ್ಮ ಮೊಮ್ಮಗಳು
ಸಹನ


ಪಾಂಡವಪುರ
ಸೋಮವಾರ, 1 ಜುಲೈ 2024

ಸಹನ,

ನಿನ್ನ ಕಾಗದದಲ್ಲಿ ಏಳು ತಪ್ಪುಗಳಿದ್ದವು. ಕೆಂಪು ಮಸಿಯಲ್ಲಿ ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ, ನೋಡಿಕೊ. "ಇರ್ತದೆ, ಕಾಣ್ತದೆ" ಎಂದು ಬಾಯಲ್ಲಿ ಆಡುವುದನ್ನು ಕಾಗದದ ಮೇಲೆ ಇಳಿಸಬಾರದು. ನನ್ನನ್ನು ಹುಳುವಿಗೆ ಹೋಲಿಸಿದ್ದನ್ನು ಈ ಸಲ ಕ್ಷಮಿಸಿದ್ದೇನೆ.

ಕಾಗದದ ವಿಷಯದಲ್ಲಿ ನನ್ನ ಮಾತು ಕೇಳು. ಎಸ್.ಎಸ್.ಎಲ್.ಸಿ. ಪಾಸು ಮಾಡಿ ಈ ಮನೆಗೆ ಸೊಸೆಯಾಗಿ ಬಂದಾಗ ಈ ಬೀದಿಯಲ್ಲಿ ಓದು ಬರುವ ಹೆಂಗಸು ನಾನೊಬ್ಬಳೇ. ನಲವತ್ತು ವರ್ಷ ಎಲ್ಲರ ಕಾಗದಗಳನ್ನೂ ನಾನೇ ಓದಿದೆ, ನಾನೇ ಬರೆದುಕೊಟ್ಟೆ. ಓದುವವಳು ಬರೆದದ್ದನ್ನು ಬರೆದ ಹಾಗೆ ಓದಬೇಕು, ಕೂಡಿಸಬಾರದು, ಬಿಡಬಾರದು. ನೀನು ಬೈರವ್ವ ಎನ್ನುವ ಬೈರಮ್ಮನ ಗಂಡ ಮೈಸೂರು ಸೇರಿ, "ಇಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದೇನೆ, ನೀನು ಬರಬೇಡ" ಎಂದು ಬರೆದಾಗ ನಿನ್ನ ತಾತ "ಮೆತ್ತಗೆ ಮಾಡಿ ಹೇಳು" ಎಂದರು. ನಾನು ಒಂದಕ್ಷರ ಬಿಡದೆ ಓದಿದೆ. ಅಂದಿನಿಂದ ಇಪ್ಪತ್ತೆರಡು ವರ್ಷ ಅವಳು ನಮ್ಮ ಮನೆಯಲ್ಲೇ ಕೆಲಸ ಮಾಡಿಕೊಂಡಿದ್ದಾಳೆ. ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಅವಳಿಗೆ ಗೊತ್ತು.

ನಿನ್ನ ಹುಳು ಚೆನ್ನಾಗಿದೆ. ನೀರನ್ನು ಒಂದು ದಿನ ಇಟ್ಟೇ ಹಾಕುತ್ತಿದ್ದೇನೆ, ಬೇರೆಯವರ ಕೈಗೆ ಕೊಟ್ಟಿಲ್ಲ. ಬೈರಮ್ಮ "ಮಣ್ಣಿನ ಗಡಿಗೇಲಿ ಇಡನ ಕನಮ್ಮಾವ್ರೆ, ತಣ್ಣಗಿರ್ತದೆ" ಎಂದಳು. ಗಡಿಗೆ ಏಕೆ, ಅದಕ್ಕಿಂತ ಮೇಲಾದದ್ದರಲ್ಲೇ ಇಟ್ಟಿದ್ದೇನೆ ಎಂದು ಹೇಳಿದೆ.

ಓದಿನ ಕಡೆ ಗಮನವಿರಲಿ.

ಜಯಲಕ್ಷ್ಮಮ್ಮ


ನಾಗಮಂಗಲ
ಭಾನುವಾರ, 14 ಜುಲೈ 2024

ಪ್ರೀತಿಯ ಅಜ್ಜಿ,

ಈ ಸಲ ಎಷ್ಟು ತಪ್ಪು ಎಣಿಸಿ. ದಿವ್ಯ ಓದಿ ಮೂರು ಹುಡುಕಿದ್ದಾಳೆ. ನೀವು ಕೆಂಪು ಮಸಿ ಹಚ್ಚಿದ ಕಾಗದವನ್ನು ಇಡೀ ಕೋಣೆ ನೋಡಿತು. "ನಿಮ್ಮಜ್ಜಿ ಟೀಚರ್ರಾ?" ಅಂದರು. "ಅಲ್ಲ, ಟೀಚರಿಗಿಂತ ಜೋರು" ಅಂದೆ.

ಅಪ್ಪ ಹೋದ ಭಾನುವಾರ ಬಂದಿದ್ದರು. ತಮ್ಮನ ಫೋಟೋ ತೋರಿಸಿದರು, ಬಟಾಣಿ ಕಾಳಿನ ಹಾಗಿದ್ದಾನೆ. ಸಾಹುಕಾರನ ಫೋಟೋ ಕೇಳಿದೆ, ತಂದಿರಲಿಲ್ಲ.

ಸಾಹುಕಾರ ಈಗ ಎಲ್ಲಿ ಕೂರುತ್ತಾನೆ? ಬಲಗಡೆ ಕಲ್ಲಿನ ಮೇಲಾ, ಮೋಟಾರಿನ ಹಿಂದೆಯಾ? ಇಲ್ಲಿ ವಿಜ್ಞಾನದ ಧರ್ಮೇಂದ್ರ ಸರ್‌ಗೆ ಅವನ ಬಗ್ಗೆ ಹೇಳಿದೆ. ದಸರಾ ರಜ ಮುಗಿಸಿ ಬರುವಾಗ ಅವನನ್ನು ಶಾಲೆಗೆ ತಂದು ತೋರಿಸು ಅಂದಿದ್ದಾರೆ. ಇಡೀ ತರಗತಿಯ ಮುಂದೆ ನಾನೇ ನಿಂತು ಅವನ ಬಗ್ಗೆ ಮಾತಾಡಬೇಕಂತೆ. ನನಗೆ ಇಲ್ಲಿ ಹೆಸರು ಹಿಡಿದು ಕರೆಯುವವರು ಇನ್ನೂ ಕಡಿಮೆ. ಆಮೇಲೆ ಎಲ್ಲರಿಗೂ ಗೊತ್ತಾಗ್ತೀನಿ.

ಬೈರವ್ವನನ್ನು ಕೇಳಿದೆ ಅಂತ ಹೇಳಿ.

ಸಹನ


ಪಾಂಡವಪುರ
ಸೋಮವಾರ, 22 ಜುಲೈ 2024

ಸಹನ,

ಒಂಬತ್ತು ತಪ್ಪು. ದಿವ್ಯಳಿಗೂ ಪಾಠ ಬೇಕು.

ನಿನ್ನ ಸಾಹುಕಾರ ನಾಲ್ಕು ದಿನದಿಂದ ಅಲುಗಾಡಿಲ್ಲ. ಚಿಪ್ಪಿನೊಳಗೆ ಸೇರಿ ಮುಚ್ಚಳ ಹಾಕಿಕೊಂಡು ಮೂಲೆಯಲ್ಲಿ ಬಿದ್ದಿದ್ದಾನೆ. ಚಮಚದಿಂದ ತಟ್ಟಿದರೂ ಏಳಲಿಲ್ಲ. ಸೌತೆಕಾಯಿ ಹಾಗೇ ಕೊಳೆಯಿತು. ಕೂತಲ್ಲಿಗೆ ಊಟ ಬಂದರೆ ಯಾರಾದರೂ ಸೋಮಾರಿಯಾಗುತ್ತಾರೆ, ಹುಳುವಾದರೇನು. ಮೀನುಗಳು ಎಂದಿನಂತೆ ಓಡಾಡುತ್ತಿವೆ.

ನೀರು ಸಾಲದೇನೋ ಎಂದು ಈಗ ದಿನ ಬಿಟ್ಟು ದಿನ ಬದಲಾಯಿಸುತ್ತಿದ್ದೇನೆ. ಮೊಣಕಾಲು ನೋವಿದ್ದರೂ ನಾನೇ ಎತ್ತಿ ಹಾಕುತ್ತೇನೆ. ಇದಕ್ಕಿಂತ ಒಳ್ಳೆಯ ನೀರು ಈ ಊರಿನಲ್ಲಿ ಯಾವ ಹುಳುವಿಗೂ ಸಿಕ್ಕಿರಲಾರದು. ನೀನು ಯೋಚನೆ ಮಾಡಬೇಡ.

ಜಯಲಕ್ಷ್ಮಮ್ಮ


ನಾಗಮಂಗಲ
ಬುಧವಾರ, 31 ಜುಲೈ 2024

ಅಜ್ಜಿ,

ನಿಮ್ಮ ಕಾಗದ ಇವತ್ತು ಸಿಕ್ಕಿತು, ಇವತ್ತೇ ಬರೀತಿದ್ದೀನಿ. ಧರ್ಮೇಂದ್ರ ಸರ್ ಹತ್ತಿರ ಓಡಿಹೋಗಿ ಕೇಳಿದೆ. ಅವರು ಮೊದಲು ಕೇಳಿದ್ದೇ, "ನೀರಿಗೆ ತಾಮ್ರ ಏನಾದರೂ ಸೇರುತ್ತಿದೆಯಾ?" ಅಂತ. ಬಸವನಹುಳುವಿಗೆ ತಾಮ್ರ ವಿಷವಂತೆ. ನಮಗೆ ಏನೂ ಆಗದಷ್ಟು ಇದ್ದರೂ, ಮೀನು ತಡೆದುಕೊಂಡರೂ, ಅವನಿಗೆ ಆಗಲ್ಲವಂತೆ. ತಾಮ್ರದ ಪಾತ್ರೆಯ ನೀರು ಹಾಕಲೇಬಾರದಂತೆ.

ಅಲುಗಾಡದೆ ಇದ್ದರೆ ಸತ್ತಿದ್ದಾನೆ ಅಂತ ಅಲ್ಲ. ನೀರು ಸರಿಯಿಲ್ಲದಿದ್ದರೆ ಹಾಗೆ ಮುಚ್ಚಿಕೊಂಡು ವಾರಗಟ್ಟಲೆ ಇರ್ತಾನಂತೆ. ಕೈಯಲ್ಲಿ ತೆಗೆದು ಮೂಸಿ ನೋಡಿ. ಸತ್ತಿದ್ದರೆ ತಡೆಯಲಾರದ ನಾತ ಬರ್ತದೆ. ನಾತ ಇಲ್ಲದಿದ್ದರೆ ಬದುಕಿದ್ದಾನೆ. ಬೇರೆ ನೀರಿಗೆ ಹಾಕಿ ಸುಮ್ಮನೆ ಕಾಯಿರಿ. ಬಿಸಾಡಬೇಡಿ ಅಜ್ಜಿ. ದಯವಿಟ್ಟು.

ಸಹನ


ಪಾಂಡವಪುರ
ಮಂಗಳವಾರ, 6 ಆಗಸ್ಟ್ 2024

ಸಹನ, ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಎರಡು ದಿನ ತಡವಾಯಿತು. ಭಾನುವಾರ ಭೀಮನ ಅಮಾವಾಸ್ಯೆ. ಹಬ್ಬದ ಮನೆಯಲ್ಲಿ ಸತ್ತದ್ದು ಇರಬಾರದು ಎಂದು ಶನಿವಾರ ಬೆಳಿಗ್ಗೆಯೇ ಅವನನ್ನು ತೆಗೆದು, ನಾಲೆಗೆ ಹಾಕಿ ಬಾ ಎಂದು ಬೈರಮ್ಮನ ಕೈಗೆ ಕೊಟ್ಟೆ. ಮೂಸಿ ನೋಡಲಿಲ್ಲ. ಹುಳುವನ್ನು ಮೂಗಿನ ಹತ್ತಿರ ಹಿಡಿಯುವುದೇ ಎಂದುಕೊಂಡೆ.

ನೀರು ಇಟ್ಟದ್ದು ನನ್ನ ತಾಮ್ರದ ಬಿಂದಿಗೆಯಲ್ಲಿ. ಮದುವೆಯಲ್ಲಿ ನಮ್ಮವ್ವ ಕೊಟ್ಟದ್ದು. ದೇವರಿಗೆ ಇಡುವ ನೀರೂ ಅದರದ್ದೇ. ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿಸುತ್ತೇನೆ. ಬೈರಮ್ಮ ಎರಡು ಸಲ ಬೇಡ ಎಂದಳು. "ಉಣ್ಸೆಣ್ಣು ಆಕಿ ತಿಕ್ಕಿದ್ ಬಿಂದ್ಗೆ ಕನಮ್ಮಾವ್ರೆ, ಕಿಲುಬು ಇಳೀತದೆ, ಅದು ಸಣ್ಜೀವ" ಎಂದಳು. ನಿನ್ನ ಗಡಿಗೆ ನಿನ್ನ ಮನೆಯಲ್ಲಿಟ್ಟುಕೊ ಎಂದೆ. ಅವನು ಮುಚ್ಚಿಕೊಂಡ ಮೇಲೂ ಅದೇ ನೀರನ್ನು ದಿನ ಬಿಟ್ಟು ದಿನ ಸುರಿದೆ.

ತಪ್ಪು ನನ್ನದು ಎಂದು ನಾನು ಯಾರಿಗೂ ಬರೆದವಳಲ್ಲ. ಹೇಗೆ ಬರೆಯಬೇಕೋ

ಇದನ್ನು ಅಂಚೆಗೆ ಹಾಕಲಾಗಲಿಲ್ಲ. ಎಲೆಅಡಿಕೆ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.


ಪಾಂಡವಪುರ
ಗುರುವಾರ, 8 ಆಗಸ್ಟ್ 2024

ಚಿ. ಸಹನಳಿಗೆ,

ಮನಸ್ಸು ಗಟ್ಟಿ ಮಾಡಿಕೊಂಡು ಓದು. ನಿನ್ನ ಸಾಹುಕಾರ ಹೋದ. ನಾನು ಮೂರು ದಿನ ಮೇಲುಕೋಟೆಗೆ ಹೋಗಿದ್ದೆ. ಆಗ ಬೈರಮ್ಮ ತಿಳಿಯದೆ ತಾಮ್ರದ ಬಿಂದಿಗೆಯ ನೀರು ಹಾಕಿಬಿಟ್ಟಿದ್ದಾಳೆ. ಓದುಬರಹ ಇಲ್ಲದವಳು, ಅವಳಿಗೇನು ಗೊತ್ತಾಗುತ್ತದೆ. ನಾನು ಬಂದು ನೋಡುವಷ್ಟರಲ್ಲಿ ಕೈ ಮೀರಿತ್ತು. ಅವನನ್ನು ನಾಲೆಗೆ ಬಿಡಿಸಿದೆ.

ಅವಳನ್ನು ನಾನು ಗದರಿದ್ದೇನೆ. ನೀನು ಮತ್ತೇನೂ ಹೇಳಬೇಡ. ಬೇರೆ ಹುಳು ತರಿಸೋಣ.

ಮೊಣಕಾಲು ನೋವು ಹೆಚ್ಚಾಗಿರುವುದರಿಂದ ಮುಂದಿನ ಭಾನುವಾರಗಳಲ್ಲಿ ಬರಲಾಗುವುದಿಲ್ಲ.

ನಿನ್ನ ಅಜ್ಜಿ


ನಾಗಮಂಗಲ
ಭಾನುವಾರ, 18 ಆಗಸ್ಟ್ 2024

ಬೈರವ್ವ,

ನಿನಗೆ ಓದು ಬರಲ್ಲ ಅಂತ ಗೊತ್ತು. ಅಜ್ಜಿ ಓದಿ ಹೇಳ್ತಾರೆ. ಅಜ್ಜಿ ಒಂದಕ್ಷರ ಬಿಡದೆ ಓದ್ತಾರೆ, ಅದಕ್ಕೇ ಎಲ್ಲ ಬರೀತಿದ್ದೀನಿ.

ನೀನು ನನ್ನ ಸಾಹುಕಾರನನ್ನು ಕೊಂದೆ. ಒಂದು ದಿನ ನೀರು ಹಾಕು ಅಂದರೆ ಅದೂ ಆಗಲಿಲ್ಲ. ಅಜ್ಜಿ ಮೊಣಕಾಲು ನೋವಿನಲ್ಲೂ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು, ಮೂರೇ ದಿನ ಊರಲ್ಲಿಲ್ಲದ್ದಕ್ಕೆ ಹಾಳು ಮಾಡಿಬಿಟ್ಟೆ. ಇಲ್ಲಿ ಎಲ್ಲರಿಗೂ ಅವನನ್ನು ತೋರಿಸ್ತೀನಿ ಅಂತ ಹೇಳಿದ್ದೆ. ಈಗ ಸುಳ್ಳುಬುರುಕಿ ಅಂತಾರೆ.

ನಾನು ರಜಕ್ಕೆ ಬಂದಾಗ ನಿನ್ನ ಜೊತೆ ಮಾತಾಡಲ್ಲ. ಇನ್ಮೇಲೆ ನಮ್ಮ ಮನೆಯ ನೀರು ಮುಟ್ಟಬೇಡ. ನನ್ನ ಸಾಮಾನು ಯಾವುದನ್ನೂ ಮುಟ್ಟಬೇಡ.

ಸಹನ


ಪಾಂಡವಪುರ
ಶನಿವಾರ, 24 ಆಗಸ್ಟ್ 2024

(ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ. ಅಜ್ಜಿ.)

ನನ್ ಕೂಸು ಸಹನವ್ವಂಗೆ ಬೈರವ್ವ ಏಳಿ ಬರ್ಸಿದ್ದು.

ಮಗಾ, ನನ್ನೆಸ್ರಿಗೆ ಕಾಗ್ದ ಬಂದದೆ ಅಂತ ಪೋಸ್ಟಿನವ್ನು ಗೇಟ್ತಾವ ಕೂಗ್ದಾಗ ನಾನು ನಂಬ್ನಿಲ್ಲ ಕನವ್ವ. ಮುಸ್ರೆ ಕೈಯ ಸೀರೆಗೆ ಒರ್ಸ್ಕಂಡು ಓಡೋದೆ. ನನ್ ಜೀವ್ದಲ್ಲಿ ಇದು ಎರಡ್ನೇ ಕಾಗ್ದ. ಮೊದಲ್ನೇದ ವಲೆಗೆ ಆಕ್ದೆ. ಇದ ಸೆರಗ್ನಾಗೆ ಕಟ್ಕಂಡಿವ್ನಿ.

ನನ್ನ ನೆನೆಸ್ಕಂಡಿದ್ದೀಯಲ್ಲ, ಅದ ಕೇಳಿ ಒಟ್ಟೆ ತುಂಬ್ತು. ನಿನ್ನಂಗೆ ಯಾರೂ ತಲೆ ಬಾಚಕಿಲ್ಲ ಅಂತ ಬರ್ದಿದ್ದೀಯಲ್ಲ, ದಿನಾ ಎಣ್ಣೆ ಅಚ್ಕೊ ಮಗಾ, ಸಿಕ್ಕು ಬಿಡ್ಸುವಾಗ ಎಳೀಬ್ಯಾಡ, ತುದಿಯಿಂದ ಬಿಡ್ಸು. ಚಂದಾಗಿ ಉಣ್ಣು. ನಿನ್ನ ಉಳ ಓಯ್ತು ಅಂತ ಅಳಬ್ಯಾಡ. ರಜಕ್ಕೆ ಬಾ, ನಿಂಗೆ ಅಂತ ಒಂದು ಮಡ್ಗಿವ್ನಿ. ಏನು ಅಂತ ಈಗ ಏಳಕಿಲ್ಲ. ಅಮ್ಮಾವ್ರಿಗೂ ಏಳಿಲ್ಲ. ಅಮ್ಮಾವ್ರೆ, ಅದೂ ಬರೀರಿ, ಬುಡ್ಬ್ಯಾಡಿ.

ಡಬ್ಬಕ್ಕೆ ನಾನೇ ಆಕ್ತೀನಿ ಇದ. ನಿನ್ ಕಾಲ್ಗೆ ಮುಳ್ಳು ಚುಚ್ದಿರ್ಲಿ ಮಗಾ.

ಬೈರವ್ವ


ನಾಗಮಂಗಲ
ಭಾನುವಾರ, 1 ಸೆಪ್ಟೆಂಬರ್ 2024

ಅಜ್ಜಿ,

ಬೈರವ್ವನ ಕಾಗದ ಬಂತು. ನಾಲ್ಕು ಸಲ ಓದಿದೆ. ನನಗೆ ಅರ್ಥವಾಗಲಿಲ್ಲ.

ನಾನು ಅವಳಿಗೆ ಬೈದು ಬರೆದಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಬರೆದಿದ್ದೆ. ಅವಳು ಒಟ್ಟೆ ತುಂಬ್ತು ಅಂತಾಳೆ. ಕಾಲಿಗೆ ಮುಳ್ಳು ಚುಚ್ಚದಿರಲಿ ಅಂತಾಳೆ. ಅದನ್ನು ಓದಿ ನನಗೆ ಮುಖ ಎತ್ತಲಾಗಲಿಲ್ಲ. ದಿವ್ಯ "ನೋಡು, ನೀನು ಬೈದರೂ ಅವರು ಹರಸಿದ್ದಾರೆ, ಅಂಥವರ ಮೇಲೆ ಕೋಪ ಮಾಡಿಕೊಂಡೆಯಲ್ಲ" ಅಂದಳು. ಇರಬಹುದು. ಆದರೆ ತಲೆ ಬಾಚೋ ಮಾತು ಎಲ್ಲಿಂದ ಬಂತು? ನಾನು ಅದನ್ನು ಬರೆದೇ ಇಲ್ಲ. ಹೇನು ಆಗ್ತವೆ ಅಂತ ಜೂನ್‌ನಲ್ಲೇ ನಮಗೆಲ್ಲ ಕೂದಲು ಕತ್ತರಿಸಿದ್ದಾರೆ. ನಿಮಗೆ ಬೇಜಾರಾಗ್ತದೆ ಅಂತ ಹೇಳಿರಲಿಲ್ಲ. ಬಾಚೋಕೆ ತಲೆಯಲ್ಲಿ ಏನೂ ಇಲ್ಲ.

ಇವತ್ತು ಅಪ್ಪ ಒಬ್ಬರೇ ಬಂದಿದ್ದರು. ನೀವು ಮೇಲುಕೋಟೆಗೆ ಯಾವಾಗ ಹೋಗಿದ್ದಿರಿ ಅಂತ ಕೇಳಿದೆ. "ಮೇಲುಕೋಟೆಗಾ? ಆ ಮೊಣಕಾಲಿಟ್ಟುಕೊಂಡು?" ಅಂದರು.

ಆಮೇಲೆ ನಿಮ್ಮ ಎಲ್ಲ ಕಾಗದಗಳನ್ನೂ ತೆಗೆದು ಮೊದಲಿನಿಂದ ಓದಿದೆ. ಜುಲೈ ಒಂದರ ಕಾಗದದಲ್ಲಿ, ಗಡಿಗೆಗಿಂತ ಮೇಲಾದದ್ದರಲ್ಲೇ ನೀರು ಇಟ್ಟಿದ್ದೇನೆ ಅಂತ ಬರೆದಿದ್ದೀರಿ. ಮೇಲಾದದ್ದು ಅಂದರೆ ಯಾವುದು ಅಜ್ಜಿ?

ಸಹನ


ನಾಗಮಂಗಲ
ಭಾನುವಾರ, 15 ಸೆಪ್ಟೆಂಬರ್ 2024

ಅಜ್ಜಿ,

ನಿಮ್ಮ ಕಾಗದ ಬಂದಿಲ್ಲ. ಬೈರವ್ವ ನಾಲ್ಕೈದು ದಿನದಿಂದ ಕೆಲಸಕ್ಕೆ ಬರ್ತಿಲ್ಲ, ಯಾಕೆ ಅಂತ ನಿಮ್ಮಜ್ಜಿ ಬಾಯಿ ಬಿಡ್ತಿಲ್ಲ ಅಂತ ಅಪ್ಪ ಬರೆದಿದ್ದಾರೆ. ನನ್ನಿಂದಾನಾ?

ಬೈಯೋದಾದರೂ ಬರೀರಿ. ತಪ್ಪಾದರೂ ತಿದ್ದಿ ಕಳಿಸಿ.

ಸಹನ


ಪಾಂಡವಪುರ
ಭಾನುವಾರ, 22 ಸೆಪ್ಟೆಂಬರ್ 2024

ಸಹನ,

ನಿನ್ನ ಎರಡು ಕಾಗದಗಳೂ ಮುಂದಿವೆ. ಕೆಂಪು ಮಸಿ ಮುಟ್ಟಿಲ್ಲ. ಇನ್ನೊಬ್ಬರ ತಪ್ಪು ಎಣಿಸುವ ಯೋಗ್ಯತೆ ನನಗೀಗ ಇಲ್ಲ.

ಮೇಲಾದದ್ದು ಎಂದರೆ ತಾಮ್ರದ ಬಿಂದಿಗೆ. ನೀರು ಇಟ್ಟವಳು ನಾನು, ಹಾಕಿದವಳು ನಾನು. ಮೇಲುಕೋಟೆಗೆ ಹೋಗಲೇ ಇಲ್ಲ. ಆಗಸ್ಟ್ ಆರರಂದು ಒಂದು ಕಾಗದ ಬರೆದು ಹಾಕದೆ ಇಟ್ಟುಕೊಂಡಿದ್ದೆ. ಅದನ್ನೂ ಇದರ ಜೊತೆ ಕಳುಹಿಸುತ್ತಿದ್ದೇನೆ. ಅದು ಎಲ್ಲಿಗೆ ನಿಂತಿದೆ ನೋಡು. ಅಲ್ಲಿಂದ ಮುಂದೆ ಹೋಗಲು ನನಗೆ ಒಂದೂವರೆ ತಿಂಗಳು ಬೇಕಾಯಿತು.

ನೀನು ಬೈರಮ್ಮನಿಗೆ ಬರೆದ ಕಾಗದ ಬಂದ ದಿನ ಅವಳು ನಡುಮನೆಯ ಹೊಸ್ತಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು "ಓದಿ ಅಮ್ಮಾವ್ರೆ, ನಿದಾನ್ಕೆ ಓದಿ" ಎಂದಳು. ಮುಖದ ತುಂಬ ನಗು. ನಾನು ಕನ್ನಡಕ ಹಾಕಿಕೊಂಡೆ. ನಾನು ಒಂದಕ್ಷರ ಬಿಡದೆ ಓದುತ್ತೇನೆ ಎಂದು ನೀನು ಮೊದಲಿಗೇ ಬರೆದಿದ್ದೆ. ಅದರ ಕೆಳಗೆ, ನೀನು ನನ್ನ ಸಾಹುಕಾರನನ್ನು ಕೊಂದೆ ಎಂದಿತ್ತು. ಅದನ್ನು ಓದಿದ್ದರೆ ಬೈರಮ್ಮ "ನಾನಾ? ನಾನ್ ಯಾವಾಗ?" ಎನ್ನುತ್ತಿದ್ದಳು. ನಾನು ಏನು ಹೇಳುವುದಿತ್ತು? ಕಣ್ಣು ಕಾಗದದ ಮೇಲೇ ಇತ್ತು. ಬಾಯಿ ತನ್ನಷ್ಟಕ್ಕೆ ಬೇರೆ ಹೇಳತೊಡಗಿತು. ಬೈರವ್ವ, ನಿನ್ನ ನೆನಪು ಬರುತ್ತದೆ. ನಿನ್ನ ಹಾಗೆ ಇಲ್ಲಿ ಯಾರೂ ತಲೆ ಬಾಚುವುದಿಲ್ಲ. ನಿನ್ನ ಕೂದಲು ಹೋಗಿದೆ ಎಂದು ನನಗೇನು ಗೊತ್ತು. ಅವಳು ಕಣ್ಣೊರೆಸಿಕೊಂಡು "ಇನ್ನೊಂದ್ ಸಲ ಓದಿ" ಎಂದಳು. ಇನ್ನೊಂದು ಸಲವೂ ಓದಿದೆ. ಮೊದಲ ಸಲ ಹೇಳಿದ್ದು ಮರೆತು ತಪ್ಪಬಾರದೆಂದು ನೆನಪಿಟ್ಟುಕೊಂಡು ಓದಿದೆ.

ಕಾಗದವನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಲು ನೋಡಿದೆ. "ನನ್ನೆಸ್ರಿಂದು ಕನಮ್ಮಾವ್ರೆ" ಎಂದು ಕೈಯಿಂದ ತೆಗೆದುಕೊಂಡಳು.

ಅದನ್ನು ಅವಳು ಯಾರು ಯಾರಿಗೆ ತೋರಿಸಿದಳೋ. ಸೆಪ್ಟೆಂಬರ್ ಐದರ ಬೆಳಿಗ್ಗೆ ಹಾಲಿನ ಡೈರಿಗೆ ಹೋದಾಗ, ಅಳತೆ ಮಾಡುವ ತಿಮ್ಮರಾಜುವಿನ ಕೈಗೆ ಕೊಟ್ಟು, "ನಮ್ಮಟ್ಟಿ ಕೂಸು ಬರ್ದವ್ಳೆ, ಎಲ್ರಿಗೂ ಕೇಳಂಗೆ ಓದಪ್ಪಾ" ಎಂದಳಂತೆ. ಕ್ಯಾನು ಹಿಡಿದು ನಿಂತಿದ್ದವರು ಹದಿನೈದು ಜನ. ಅವನು ಓದಿದ. ಎರಡು ಸಾಲಿಗೆ ನಿಲ್ಲಿಸಿದನಂತೆ. "ಮುಂದ್ಕೆ ಓದು, ಯಾಕ್ ನಿಲ್ಸ್ದೆ" ಎಂದವಳು ಬೈರಮ್ಮನೇ. ಹಾಗಾಗಿ ಕೊನೆಯವರೆಗೆ ಓದಿದ. ನಮ್ಮ ಮನೆಯ ನೀರು ಮುಟ್ಟಬೇಡ ಎಂದು ನೀನು ಸಿಟ್ಟಿನಲ್ಲಿ ಬರೆದದ್ದು ನಿನಗೆ ಒಂದು ಹುಳುವಿನ ಮಾತು. ಆ ಸಾಲಿನಲ್ಲಿ ನಿಂತಿದ್ದವರಿಗೆ ಅದು ಏನೆಂದು ಗೊತ್ತು. ಬೈರಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ನೀನು ಇದನ್ನು ತಿಳಿಯಬೇಕು. ಆದರೆ ಬರೆಸಿದವಳು ನಾನು ಎಂಬುದನ್ನೂ ತಿಳಿ.

ತಿಮ್ಮರಾಜು ಅಂದು ಸಂಜೆ ಬಾಗಿಲಿಗೆ ಬಂದು "ನಾನ್ ಓದ್ಬಾರ್ದಿತ್ತು ಅಮ್ಮಾವ್ರೆ" ಎಂದ. ನೀನು ಸರಿಯಾಗಿಯೇ ಓದಿದ್ದೀಯ ಹೋಗು ಎಂದೆ. ಆ ದಿನದಿಂದ ಅವಳು ಬರಲಿಲ್ಲ. ಆಳು ಕಳುಹಿಸಿ ಕರೆಸೋಣ ಎಂದು ಎರಡು ವಾರ ಯೋಚಿಸಿದೆ. ಕರೆಸಿದರೆ ಬಂದು ನನ್ನ ಬಾಗಿಲಲ್ಲಿ ಅವಳು ನಿಲ್ಲಬೇಕು. ಅದು ಸರಿಯಲ್ಲ ಎಂದು ತಿಳಿಯಲು ನಿನ್ನ ಎರಡನೆಯ ಕಾಗದ ಬೇಕಾಯಿತು.

ನಿನ್ನೆ ಬೆಳಿಗ್ಗೆ ಅವಳ ಮನೆಗೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಯಾವ ಮನೆ ಎಂದು ಆ ಬೀದಿಯಲ್ಲಿ ಕೇಳಬೇಕಾಯಿತು. ಕೇಳಿದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈರಮ್ಮ ಹೊರಗೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಏಳಲಿಲ್ಲ.

"ಬಿಂದಿಗೆ ನೀರು ಹಾಕಿದವಳು ನಾನು. ನೀನು ಎಂದು ಮಗುವಿಗೆ ಬರೆದೆ" ಎಂದೆ. ಇನ್ನೂ ಏನೇನೋ ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅಷ್ಟೇ ಬಂತು.

"ಗೊತ್ತು" ಎಂದಳು. "ಡೈರಿತಾವ ಕೇಳ್ದಾಗ್ಲೇ ಗೊತ್ತಾಯ್ತು. ಕೂಸ್ಗೆ ಅಷ್ಟು ಕ್ವಾಪ ತನ್ನಷ್ಟಕ್ಕೆ ಬರಕಿಲ್ಲ."

ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಸುರಿದುಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಅವತ್ತು ನನ್ ಗಂಡನ್ ಕಾಗ್ದ ಓದ್ದಾಗ ಒಂದ್ ಮಾತಾದ್ರೂ ಬುಟ್ಟು ಓದ್ಬೋದಿತ್ತು ಅಮ್ಮಾವ್ರೆ. ಬುಡ್ನಿಲ್ಲ. ದಿಟ ಏಳೋ ಜನ ಅಂತ ನಾನೂ ಸುಮ್ಕಾದೆ, ನಿಮ್ಮನೆಗೇ ಬಂದೆ. ನಿಮ್ದು ಬಂದಾಗ ಬುಟ್ರಲ್ಲ."

ಸಹನ, ನನಗೆ ಅರವತ್ತೊಂಬತ್ತು. ಯಾರ ಮುಂದೆಯೂ ತಪ್ಪು ಒಪ್ಪಿಕೊಂಡವಳಲ್ಲ. ನಿನ್ನೆ, ಹೌದು, ಬಿಟ್ಟೆ ಎಂದೆ.

ಅವಳು ಎದ್ದು ಒಳಗೆ ಕರೆದಳು. ಕೂರಿ ಎನ್ನಲಿಲ್ಲ. ಮೂಲೆಯಲ್ಲಿ ಮರಳಿನ ಮೇಲೆ ಮಣ್ಣಿನ ಗಡಿಗೆ ಇತ್ತು. ಮುಚ್ಚಿದ್ದ ತಟ್ಟೆ ತೆಗೆದಳು. ನಿನ್ನ ಸಾಹುಕಾರ ನೀರಿನಿಂದ ಮೇಲೆ ಬಂದು ಗಡಿಗೆಯ ಕಂಠದ ಒಳಗೆ ಅಂಟಿಕೊಂಡಿದ್ದ. ಕೊಂಬು ಎರಡೂ ಹೊರಗಿದ್ದವು.

"ನಾಲೆತಾವ ಓಗಿ ಮೂಸ್ದೆ. ನಾತ ಇರ್ನಿಲ್ಲ. ಸತ್ತದ್ದು ನಾತ ಬರ್ದೆ ಇದ್ದದಾ? ಇಟ್ಕಂಡು ಬಂದೆ. ಆರ್ ದಿನ ಅಂಗೇ ಬಿದ್ದಿದ್ದ, ಏಳ್ನೇ ದಿನ ಬಾಗ್ಲು ತಗ್ದ" ಎಂದಳು. ರಜಕ್ಕೆ ಬಂದಾಗ ನಿನ್ನ ಕೈಗೇ ಕೊಡಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳಂತೆ. ನೀನು ಅವಳನ್ನು ಕೊಲೆಗಾತಿ ಎಂದು ಬರೆಯುವ ಹೊತ್ತಿಗೆ ಅವಳು ಅವನಿಗೆ ಸೊಪ್ಪು ಬೇಯಿಸಿ ಹಾಕುತ್ತಿದ್ದಳು. ತಪ್ಪು ಅವಳದು ಎಂದು ನಾನು ಬರೆದ ದಿನವೂ ಅವನು ಅವಳ ಗಡಿಗೆಯಲ್ಲೇ ಇದ್ದ.

ಅವನನ್ನು ಕೊಡು ಎಂದು ನಾನು ಕೇಳಲಿಲ್ಲ. ಅವಳೂ ಕೊಡಲಿಲ್ಲ. ದಸರಾಕ್ಕೆ ಬಂದಾಗ ನೀನೇ ಹೋಗು. ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ನಿನ್ನ ತರಗತಿಯವರಿಗೆ ಅವನು ಬದುಕಿದ್ದಾನೆ ಎಂದು ಹೇಳು, ಬದುಕಿಸಿದವಳ ಹೆಸರನ್ನೂ ಹೇಳು.

ಕೆಲಸಕ್ಕೆ ಬಾ ಎಂದು ಕರೆಯಲಿಲ್ಲ. ಈಗ ಪಾತ್ರೆಗಳನ್ನು ನಾನೇ ತೊಳೆಯುತ್ತೇನೆ. ಬಿಂದಿಗೆಯನ್ನು ತಿಕ್ಕಿಲ್ಲ, ಕಪ್ಪಾಗಿದೆ.

ಹೊರಡುವಾಗ ಅವಳು ಸೆರಗಿನ ಗಂಟು ಬಿಚ್ಚಿ ನಿನ್ನ ಕಾಗದ ತೆಗೆದಳು. ಮಡಿಚಿದ ಕಡೆಯೆಲ್ಲ ಹರಿದಿತ್ತು. "ಈಗ ಓದಿ" ಎಂದಳು. ತಿಮ್ಮರಾಜು ಓದಿದ್ದಾನಲ್ಲ ಎಂದೆ. "ನಿಮ್ ಬಾಯ್ನಾಗೆ ಕೇಳ್ಬೇಕು" ಎಂದಳು.

ಅವಳ ಹೊಸ್ತಿಲ ಮೇಲೆ ಕೂತು ಓದಿದೆ. ಕೊಂದೆ ಎಂಬುದನ್ನು ಓದಿದೆ. ಅಜ್ಜಿ ಚೆನ್ನಾಗಿ ನೋಡಿಕೊಂಡಿದ್ದರು ಎಂಬುದನ್ನು ಓದಿದೆ. ಮುಟ್ಟಬೇಡ ಎಂಬ ಎರಡನ್ನೂ ಓದಿದೆ. ನಾನು ಓದುವಾಗ ಮೊದಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು. ನಿನ್ನೆ ನೋಡಲಿಲ್ಲ. ನನ್ನ ಬೆರಳು ಹಿಡಿದು ಮೊದಲ ಅಕ್ಷರದ ಕೆಳಗೆ ಇಟ್ಟಳು. ಓದಿದ ಹಾಗೆ ಬೆರಳು ಮುಂದೆ ಹೋಗಬೇಕು, ಎಲ್ಲಿಯೂ ಹಾರಬಾರದು. ಹಾಗೆ ಕೊನೆಯವರೆಗೂ ಕಾದಳು.

ನೀನು ಅವಳಿಗೆ ಇನ್ನೊಂದು ಕಾಗದ ಬರೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಅವಳ ಮನೆಯ ವಿಳಾಸ ಇದರ ಹಿಂದೆ ಇದೆ, ಅಲ್ಲಿಗೇ ಹಾಕು. ಅವಳು ಕರೆದರೆ ಹೋಗಿ ಓದುತ್ತೇನೆ. ಅಕ್ಷರ ದಪ್ಪಗಿರಲಿ, ಸಾಲು ಬಿಟ್ಟು ಸಾಲು ಬರೆ. ಬೆರಳಿಡಲು ಜಾಗ ಬೇಕು.

ಅಜ್ಜಿ